ಕಾಣುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ನಾನು. ವೈದ್ಯನಲ್ಲ. ಆದರೆ ಮಾಡಿದ ಕೆಲಸ ಬಳಸುವವರಿಗೆ ಎಷ್ಟು ಉಪಯೋಗವಾಯಿತು ಎಂದು ಅಳೆಯುವುದು ನನ್ನ ಕಸುಬಿನ ಭಾಗ. ಅದೇ ಪ್ರಶ್ನೆಯನ್ನು ಕಣ್ಣಿನ ಆಪರೇಷನ್ ಬಗ್ಗೆ ಕೇಳೋಣ. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಕಣ್ಣಿನ ಶಿಬಿರ ನಡೆಸಿದ ನಾಡು ನಮ್ಮದು. ಪೊರೆ ತೆಗೆಸಿಕೊಂಡ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ.

ಕಣ್ಣಾಸ್ಪತ್ರೆಯ ಗೋಡೆಯಲ್ಲಿ ಅಕ್ಷರಗಳ ಪಟ್ಟಿ ನೋಡಿರುತ್ತೀರಿ. 1862ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದ್ದು ಅದು. 6/60 ಎಂದರೆ, ದೃಷ್ಟಿ ಸರಿಯಿರುವವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಈ ವ್ಯಕ್ತಿ 6 ಮೀಟರ್ ದೂರದಿಂದಷ್ಟೇ ಗುರುತಿಸಬಲ್ಲರು. ಈ ಅಳತೆ ಬೇಕೇ ಬೇಕು. ಆದರೆ ಅಲ್ಲಿ ಇರುವುದು ಬಿಳಿ ಹಲಗೆ, ಕಡುಕಪ್ಪು ಅಕ್ಷರ. ಕುಳಿತು, ಒಂದೊಂದೇ ಕಣ್ಣಿನಿಂದ ಓದುವುದು. ನಮ್ಮ ಬೀದಿ, ಕೊಟ್ಟಿಗೆ, ಬಚ್ಚಲುಮನೆ ಹಾಗಿಲ್ಲ.

ನಮ್ಮ ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿಯ ಕೆಳಗಿನ ಸಾಲುಗಳನ್ನೂ ಓದಿದರು. ‘ಹೇಗಿದೆ ಅಜ್ಜಿ?’ ಎಂದರೆ, ‘ಚೆನ್ನಾಗಿ ಕಾಣ್ತದೆ ಕಣಪ್ಪ’ ಎನ್ನುತ್ತಿದ್ದರು. ಆದರೂ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದರು. ವಿಚಾರಿಸಿದಾಗ ತಿಳಿಯಿತು: ಮೆಟ್ಟಿಲು ಎಷ್ಟು ಆಳವೆಂದು ಅಂದಾಜು ಸಿಗುತ್ತಿರಲಿಲ್ಲ. ಒಂದು ಕಣ್ಣು ತಿಳಿಯಾಗಿ ಇನ್ನೊಂದು ಮಂಜಾಗಿದ್ದರೆ ಆಳ ಅಳೆಯುವುದು ಕಷ್ಟ. ಎರಡನೇ ಕಣ್ಣಿನ ಆಪರೇಷನ್ ಆದಮೇಲೆ ಮತ್ತೆ ಹೋಗತೊಡಗಿದರು.

ಇಂಥದ್ದನ್ನು ಹಿಡಿಯಲೆಂದೇ ಸಂಶೋಧಕರು ಪ್ರಶ್ನಾವಳಿಗಳನ್ನು ಮಾಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯದು 25 ಪ್ರಶ್ನೆಗಳದ್ದು. ಒಂದು ಕೆಲಸಕ್ಕೆ ‘ಏನೂ ಕಷ್ಟವಿಲ್ಲ’ ಎಂದರೆ 100 ಅಂಕ. ಕಷ್ಟ ಹೆಚ್ಚಿದಂತೆ 75, 50, 25. ‘ಕಣ್ಣು ಕಾಣದೆ ಬಿಟ್ಟೇಬಿಟ್ಟೆ’ ಎಂದರೆ 0. ಬೇರೆ ಕಾರಣಕ್ಕೆ ಬಿಟ್ಟಿದ್ದರೆ ಆ ಪ್ರಶ್ನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಂಡಿನೋವಿಗೆ ಮನೆಯಲ್ಲಿ ಕುಳಿತವರನ್ನು ಕಣ್ಣು ಕಾಣದವರೆಂದು ಎಣಿಸಬಾರದಲ್ಲವೇ? ಇದೇ ಪ್ರಶ್ನೆಗಳನ್ನು ಆಪರೇಷನ್‌ಗೆ ಮುಂಚೆ ಒಮ್ಮೆ, ಕಣ್ಣು ವಾಸಿಯಾದ ಮೇಲೆ ಒಮ್ಮೆ ಕೇಳಿದರೆ ಬದುಕು ಎಷ್ಟು ಬದಲಾಯಿತೆಂದು ಗೊತ್ತಾಗುತ್ತದೆ.

ಆದರೆ ಆ ಪಟ್ಟಿಯಲ್ಲಿ ಕಾರು ಓಡಿಸುವುದು, ಪತ್ರಿಕೆ ಓದುವುದು ಎಂಬ ಪ್ರಶ್ನೆಗಳಿವೆ. ಕಾರೂ ಇಲ್ಲದ, ಓದೂ ಬಾರದ ಅಜ್ಜಿ ಏನು ಹೇಳಬೇಕು? ಅದಕ್ಕೇ ನಮ್ಮ ದೇಶದ ಕಣ್ಣಿನ ರೋಗಿಗಳನ್ನೇ ಕೂರಿಸಿ ಮಾತಾಡಿಸಿ ಬೇರೆ ಪ್ರಶ್ನಾವಳಿ ಮಾಡಿದರು. 2005ರಲ್ಲಿ ಪ್ರಕಟವಾದ ಅದರಲ್ಲಿ 33 ಪ್ರಶ್ನೆಗಳಿವೆ. ಮೆಟ್ಟಿಲು ಹತ್ತಲು ಕಷ್ಟವೇ? ದೂರದಿಂದ ಮುಖ ಗುರುತು ಸಿಗುತ್ತದೆಯೇ? ನಾಣ್ಯ, ನೋಟಿನ ವ್ಯತ್ಯಾಸ ತಿಳಿಯುತ್ತದೆಯೇ? ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ? ಇನ್ನೊಬ್ಬರಿಗೆ ಭಾರವಾಗಿದ್ದೇನೆ ಅನ್ನಿಸುತ್ತದೆಯೇ?

ಈ ಕೊನೆಯ ಪ್ರಶ್ನೆಗೆ ಯಾವ ಅಕ್ಷರದ ಪಟ್ಟಿಯೂ ಉತ್ತರ ಹೇಳದು. ‘ಈ ವಯಸ್ಸಿಗೆ ನನಗ್ಯಾಕೆ ಆಪರೇಷನ್ನು, ನಿಮಗ್ಯಾಕೆ ಖರ್ಚು’ ಎನ್ನುವ ಹಿರಿಯರ ಮಾತಿನ ಹಿಂದೆ ಇರುವುದು ಹಲವು ಸಲ ಅದೇ.

ಮಕ್ಕಳೇ, ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ‘ಕಣ್ಣು ಕಾಣುತ್ತಾ?’ ಎಂದಷ್ಟೇ ಕೇಳಬೇಡಿ, ಹೂಂ ಎಂದುಬಿಡುತ್ತಾರೆ. ‘ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ?’ ಎಂದು ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆದು ಕಣ್ಣಿನ ವೈದ್ಯರಿಗೆ ತೋರಿಸಿ. ತೊಂದರೆಯಿಲ್ಲ ಎಂದವರನ್ನೂ ಒಮ್ಮೆ ಪರೀಕ್ಷೆಗೆ ಕರೆದೊಯ್ಯಿರಿ. ಗ್ಲಾಕೋಮಾದಂತಹ ರೋಗ ನೋವಿಲ್ಲದೆ, ಸುಳಿವು ಕೊಡದೆ ದೃಷ್ಟಿ ಕಸಿಯುತ್ತದೆ. ಆಪರೇಷನ್ ಆಗಿದ್ದರೆ ಒಂದೆರಡು ತಿಂಗಳ ಬಳಿಕ ಅದೇ ಚೀಟಿ ಹಿಡಿದು ಮತ್ತೆ ಕೇಳಿ. ಬಿಟ್ಟ ಕೆಲಸ ಮರಳಿ ಬಂದಿಲ್ಲದಿದ್ದರೆ ಇನ್ನೊಮ್ಮೆ ತೋರಿಸಿ.

ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದ್ದು ಈ ಶಾಲೆ.