ವೈದ್ಯ ಎರಡು, ದೇಹ ಒಂದು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಸಭೆಯಲ್ಲಿ ನಾಡಿನ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ಅನೇಕರಿದ್ದಾರೆ. ಬ್ಯಾಂಕಿನಲ್ಲಿ ಕುಳಿತು ದಿನವಿಡೀ ಅಂಕಿಗಳ ತಾಳೆ ನೋಡುವ ಗುಮಾಸ್ತನಿಗೆ ವೈದ್ಯವನ್ನು ಕುರಿತು ಹೇಳುವ ಅಧಿಕಾರವೇನು ಎಂದು ತಾವು ಕೇಳಬಹುದು. ಅಧಿಕಾರವಿಲ್ಲ, ಅನುಭವವೊಂದಿದೆ. ಅದನ್ನು ಅರಿಕೆ ಮಾಡಿಕೊಳ್ಳುವ ಮೊದಲು, ನಮ್ಮ ಶ್ರೀರಂಗಪಟ್ಟಣಕ್ಕೂ ಈ ಪುಣೆಗೂ ಲಂಡನ್ನಿಗೂ ನಂಟಿರುವ ಒಂದು ಹಳೆಯ ಸಂಗತಿಯನ್ನು ಹೇಳುತ್ತೇನೆ.

1792ರ ಮೈಸೂರು ಯುದ್ಧದಲ್ಲಿ ಕಾವಸಜಿ ಎಂಬ ಮರಾಠನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದನು. ಟಿಪ್ಪುವಿನ ಕೈಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು 1794ರ ಅಕ್ಟೋಬರಿನ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ವರದಿ ಮಾಡಿತು. ವರ್ಷಕ್ಕೂ ಮಿಗಿಲಾಗಿ ಮೂಗಿಲ್ಲದೆ ಬಾಳಿದ ಅವನಿಗೆ ಪುಣೆಯ ಬಳಿ ಒಬ್ಬನು ಹೊಸ ಮೂಗನ್ನು ಕಟ್ಟಿದನು. ಕಟ್ಟಿದವನು ಪಂಡಿತನಲ್ಲ, ಡಾಕ್ಟರನಲ್ಲ. ಇಟ್ಟಿಗೆ ಮಾಡುವ ಜಾತಿಯವನು.

ಅವನ ವಿಧಾನ ಹೀಗಿತ್ತು. ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದನು. ಅಷ್ಟು ಚರ್ಮವನ್ನು ಬಿಡಿಸಿದರೂ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿದನು. ರಕ್ತ ಹರಿಯಲು ಅದೇ ದಾರಿ. ಚರ್ಮವನ್ನು ತಿರುಗಿಸಿ ಕೆಳಗಿಳಿಸಿ ಕೂಡಿಸಿ, ಕಾಚಿನಲ್ಲಿ ನೆನೆಸಿದ ಬಟ್ಟೆ, ಆಮೇಲೆ ತುಪ್ಪದ ಬಟ್ಟೆ ಹಾಕಿದನು. ಚರ್ಮ ಬೇರೂರಿದ ಮೇಲೆ, ಸುಮಾರು ಇಪ್ಪತ್ತೈದನೆಯ ದಿನ, ಆ ಪಟ್ಟಿಯನ್ನು ಕತ್ತರಿಸುವುದು ಪದ್ಧತಿ. ಸುಶ್ರುತಸಂಹಿತೆಯಲ್ಲಿ ಎಲೆಯ ಅಳತೆಯಿಂದ ಕೆನ್ನೆಯ ಚರ್ಮವನ್ನು ತೆಗೆದು ಮೂಗು ಕಟ್ಟುವ ಕ್ರಮವಿದೆ. ಗ್ರಂಥದಲ್ಲಿದ್ದದ್ದು ಕೆನ್ನೆ, ಕಸುಬುದಾರನ ಕೈಯಲ್ಲಿದ್ದದ್ದು ಹಣೆ.

ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ರೀತಿಯಲ್ಲಿ ಶಸ್ತ್ರಕ್ರಿಯೆ ಮಾಡಿ, ಇಬ್ಬರು ರೋಗಿಗಳ ವಿವರವನ್ನು 1816ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅದು ಯುರೋಪಿನಲ್ಲಿ ಹಬ್ಬಿತು. ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮ ಇಳಿಸುವ ಕ್ರಮ ಇಂದಿಗೂ ಆಸ್ಪತ್ರೆಗಳಲ್ಲಿದೆ.

ಇದನ್ನು ಕೇಳಿದಾಗ ನಮಗೆ ಎದೆಯುಬ್ಬುವುದು ಸಹಜ. ಆದರೆ ಯೋಚಿಸಿರಿ, ಪುಣೆಯ ವಿದ್ಯೆ ಲಂಡನ್ನಿಗೆ ಹೋದದ್ದು ಹೇಗೆ? ಅದು ಪ್ರಾಚೀನವೆಂದಲ್ಲ. ಅದನ್ನು ಒಬ್ಬರು ಮಾಡಿ ತೋರಿಸಿದರು, ಒಬ್ಬರು ನೋಡಿ ಬರೆದರು, ಮತ್ತೊಬ್ಬರು ಪರೀಕ್ಷಿಸಿ ಫಲವನ್ನು ಎಲ್ಲರ ಮುಂದಿಟ್ಟರು. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಲೆಕ್ಕ ತೆರೆದಿತ್ತು.

ಸರ್ಪಗಂಧಿಯ ಕಥೆಯೂ ಇಂಥದೇ. ನಮ್ಮ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಆ ಬೇರನ್ನು ಬೊಂಬಾಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಕಂಡದ್ದನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅಮೆರಿಕದ ಡಾಕ್ಟರರೂ ಅದನ್ನು ಬರೆದುಕೊಟ್ಟರು. ಕೆಲವರಲ್ಲಿ ಮನಸ್ಸು ಕುಗ್ಗುವುದೆಂಬ ದೂರು ಬಂದಾಗ ಅದನ್ನೂ ಬರೆದರು. ಬೇರೆ ಗುಳಿಗೆಗಳು ಬಂದ ಮೇಲೆ ಅದರ ಬಳಕೆ ತಗ್ಗಿತು. ಗುಣವನ್ನು ಬರೆದ ಪುಸ್ತಕದಲ್ಲೇ ದೋಷವನ್ನೂ ಬರೆಯುವುದು ಪ್ರಾಮಾಣಿಕ ಲೆಕ್ಕ.

ಇನ್ನೊಂದು ಮುಖವೂ ಇದೆ. ಇದೇ ಪುಣೆಯಲ್ಲಿ ಆಯುರ್ವೇದ ಕಲಿತ ವಸಂತ ಲಾಡ್ ಅವರು 1984ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆಯುರ್ವೇದ ಶಿಕ್ಷಣ ಸಂಸ್ಥೆಯನ್ನು ತೆರೆದರು. ಅಲ್ಲಿ ನಮ್ಮ ವಿದ್ಯೆಗೆ ಆದರವಿದೆ. ಆದರೆ ಬೋಸ್ಟನ್ ಸುತ್ತಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಕಂಡುಬಂದಿತೆಂದು 2004ರಲ್ಲಿ ಅಲ್ಲಿಯ ವೈದ್ಯಸಂಘದ ಪತ್ರಿಕೆ ಪ್ರಕಟಿಸಿತು. ಶಾಸ್ತ್ರೋಕ್ತವಾಗಿ ಶೋಧಿಸಿದ ಭಸ್ಮಕ್ಕೆ ದೋಷವಿಲ್ಲವೆಂದು ವಾದಿಸುವವರಿದ್ದಾರೆ. ಆದರೆ ಅಂಗಡಿಯ ಡಬ್ಬಿಯೊಳಗೆ ಶೋಧನೆಯಾಗಿದೆಯೋ ಇಲ್ಲವೋ ಕೊಳ್ಳುವವನು ತಿಳಿಯುವುದು ಹೇಗೆ? ಪರದೇಶದಲ್ಲಿರುವ ಮಕ್ಕಳಿಗೆ ಚೂರ್ಣ ಭಸ್ಮಗಳ ಪೊಟ್ಟಣ ಕಟ್ಟಿಕೊಡುವ ತಾಯಂದಿರು ಈ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಈಗ ನನ್ನ ಅನುಭವ. ನಮ್ಮ ಅವ್ವ ಗದಗಿನ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ ನನ್ನೊಡನೆ ಇಲ್ಲಿಗೆ ಬಂದಳು. ಅವಳಿಗೆ ಮರಾಠಿ ಬಾರದು. ರಕ್ತದೊತ್ತಡಕ್ಕೆ ಡಾಕ್ಟರರು ಮೂತ್ರ ಹೆಚ್ಚಿಸುವ ಗುಳಿಗೆ ಕೊಟ್ಟಿದ್ದರು. ಎದೆಯುರಿಗೆಂದು ಅವಳು ತಾನಾಗಿಯೇ ಮುಂಜಾನೆ ಸಂಜೆ ಜ್ಯೇಷ್ಠಮಧುವಿನ ಕಷಾಯ ಕುಡಿಯುತ್ತಿದ್ದಳು. ತಿಂಗಳುಗಳು ಕಳೆದರೂ ಒತ್ತಡ ಇಳಿಯಲಿಲ್ಲ. ಡಾಕ್ಟರರು ಗುಳಿಗೆಯ ಪ್ರಮಾಣ ಏರಿಸಿದರು. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಾರೆಯೇ ಎಂದು ಅವರು ಮರಾಠಿಯಲ್ಲಿ ಕೇಳಿದರು. ಅವ್ವ ನನ್ನ ತೋಳು ಮುಟ್ಟಿ, "ಕಷಾಯದ್ದೂ ಹೇಳೋ ತಮ್ಮಾ" ಎಂದಳು. ಹಳ್ಳಿಗರೆಂದು ನಕ್ಕಾರೆಂಬ ಸಂಕೋಚದಿಂದ ನಾನು "ಏನೂ ಇಲ್ಲ" ಎಂದುಬಿಟ್ಟೆ.

ಮೂರು ವಾರಗಳ ಮೇಲೆ ಒಂದು ಬೆಳಿಗ್ಗೆ ಅವ್ವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ತೀರ ಇಳಿದಿತ್ತು. ಹೃದಯದ ಬಡಿತವೂ ತಪ್ಪುತ್ತಿತ್ತು. ಜ್ಯೇಷ್ಠಮಧುವನ್ನು ಬಹಳ ದಿನ ಸೇವಿಸಿದರೆ ದೇಹದಲ್ಲಿ ಉಪ್ಪು ನೀರು ನಿಂತು ಒತ್ತಡ ಏರುತ್ತದೆ, ಪೊಟ್ಯಾಸಿಯಂ ಹೊರಟುಹೋಗುತ್ತದೆ. ಗುಳಿಗೆಯೂ ಪೊಟ್ಯಾಸಿಯಂ ಕಳೆಯುವಂಥದೇ. ಅಂದರೆ ಒಂದು ಖಾತೆಯಿಂದ ಇಬ್ಬರು ಹಣ ತೆಗೆಯುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗಿರಲಿಲ್ಲ. ನಡುವೆ ಕುಳಿತ ಗುಮಾಸ್ತ ನಾನೇ! ಜ್ಯೇಷ್ಠಮಧುವಿಗೆ ಮರಾಠಿಯಲ್ಲೂ ಜ್ಯೇಷ್ಠಮಧ ಎಂದೇ ಹೆಸರು. ನಾನು ಆ ಒಂದು ಪದವನ್ನು ಉಚ್ಚರಿಸಿದ್ದರೆ ಸಾಕಾಗಿತ್ತು.

ದೇವರ ದಯೆಯಿಂದ ಅವ್ವ ಗುಣವಾದಳು. ಆಮೇಲೆ ನಾನು ಆಯುರ್ವೇದ ಪಂಡಿತರೊಬ್ಬರನ್ನು ಕಂಡಾಗ ಅವರೂ ನನ್ನನ್ನೇ ಗದರಿದರು: "ನಮ್ಮಲ್ಲೂ ಔಷಧಕ್ಕೆ ಮಾತ್ರೆಯಿದೆ, ಕಾಲವಿದೆ, ರೋಗಿಯ ಪ್ರಕೃತಿಯಿದೆ. ಯಾರನ್ನು ಕೇಳಿ ಕುಡಿಸಿದಿರಿ?"

ಎರಡು ವೈದ್ಯಗಳನ್ನು ಕೂಡಿಸುವ ದೊಡ್ಡ ಕೆಲಸವನ್ನು ವಿದ್ವಾಂಸರು ಮಾಡಲಿ. ನಮ್ಮ ಪಾಲಿನದು ಚಿಕ್ಕದು. ಮನೆಯ ಹಿರಿಯರು ಸೇವಿಸುವ ಗುಳಿಗೆ, ಕಷಾಯ, ಲೇಹ್ಯ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಡಾಕ್ಟರರಿಗೂ ತೋರಿಸಿರಿ, ಪಂಡಿತರಿಗೂ ತೋರಿಸಿರಿ. ನಿಮ್ಮಷ್ಟಕ್ಕೆ ನೀವೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿರಿ. ಭಾಷೆ ಬಾರದ ತಾಯಿತಂದೆಯರ ಜೊತೆಗೆ ಹೋದಾಗ ಅವರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿರಿ.

ಪರಊರಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ವರ್ಷಕ್ಕೊಮ್ಮೆ ಇಲ್ಲಿ ಕೂಡುತ್ತೇವೆ. ಅವ್ವ ಆಡಿದ ಕನ್ನಡವನ್ನು ಆ ದಿನ ನಾನು ನುಂಗಿಬಿಟ್ಟೆ. ತಮ್ಮಲ್ಲಿ ಯಾರಿಗೂ ಹಾಗಾಗದಿರಲೆಂದು ಇಷ್ಟು ಹೇಳಿದೆ.