ಉದಕಮಂಡಲದ ಕೆರೆಯಲ್ಲಿ ನಮ್ಮ ಮಕ್ಕಳು
(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ವರದಿಯನ್ನು ಓದಿ ಮುಗಿಸಿದ ಮೇಲೆ ಬೇರೊಂದು ವಿಷಯವನ್ನು ಕುರಿತು ಸ್ವಲ್ಪ ಹೊತ್ತು ಮಾತನಾಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ವಿಷಯವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಲಿಲ್ಲ. ಕಳೆದ ಕಾರ್ಯಸಮಿತಿಯ ಸಭೆಯಲ್ಲಿ ಹಿರಿಯರಿಬ್ಬರು ಒಂದು ಸೂಚನೆಯನ್ನು ಮುಂದಿಟ್ಟರು. ವಾರ್ಷಿಕ ಪ್ರವಾಸದಲ್ಲಿ ಇನ್ನು ಮುಂದೆ ದೇವಸ್ಥಾನ, ಅರಮನೆ, ಮೃಗಾಲಯ ಇವು ಮಾತ್ರ ಇರಲಿ. ಕೆರೆ, ಹೊಳೆ, ದೋಣಿ ಬೇಡವೆಂಬುದು ಅದರ ಸಾರ. ಅದರ ನಿರ್ಣಯವನ್ನು ಈ ಸಭೆಗೆ ಬಿಡಲಾಗಿದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ತಮ್ಮೆಲ್ಲರ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಹಿರಿಯರ ಭಯವನ್ನು ಹಗುರವಾಗಿ ಕಾಣುವವರು ನಾವಲ್ಲ. 2024ನೆಯ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಮಗುಚಿ, 12 ಮಂದಿ ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಪ್ರಾಣ ಕಳೆದುಕೊಂಡರು. ದೋಣಿ ಹೊರಬಲ್ಲುದಕ್ಕಿಂತ ಹೆಚ್ಚು ಮಂದಿಯನ್ನು ಅದರಲ್ಲಿ ಕೂರಿಸಲಾಗಿತ್ತು. ಹಲವು ಮಕ್ಕಳ ಮೈಮೇಲೆ ಜೀವರಕ್ಷಕ ಅಂಗಿ ಇರಲಿಲ್ಲ. ಅದಕ್ಕೂ ಮುಂಚೆ, 2009ನೆಯ ಸೆಪ್ಟೆಂಬರ್ 30ರಂದು, ಕೇರಳದ ತೇಕ್ಕಡಿಯ ಜಲಾಶಯದಲ್ಲಿ ಎರಡು ಅಂತಸ್ತಿನ ವಿಹಾರದೋಣಿ ಮುಳುಗಿ 45 ಮಂದಿ ಮಡಿದರು. ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ಪತ್ರಿಕೆಗಳು ಬರೆದವು. ಈ ಎರಡು ಸುದ್ದಿಗಳನ್ನೂ ಓದಿದ ಯಾವ ಮುಖ್ಯೋಪಾಧ್ಯಾಯನಿಗೂ ಆ ರಾತ್ರಿ ಸುಖನಿದ್ರೆ ಬಂದಿರಲಾರದು. ನಮಗಂತೂ ಬರಲಿಲ್ಲ. ಅದಕ್ಕೆ ನಮ್ಮದೇ ಆದ ಕಾರಣವೊಂದಿತ್ತು. ಅದನ್ನು ಇದುವರೆಗೆ ಈ ಸಂಘದ ಮುಂದೆ ಹೇಳಿರಲಿಲ್ಲ, ಈಗ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ 36 ಮಂದಿ ಮಕ್ಕಳನ್ನು ಉದಕಮಂಡಲಕ್ಕೆ ಕರೆದುಕೊಂಡು ಹೋದೆವು. ಉಪಾಧ್ಯಾಯರು ನಾಲ್ವರು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ, ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ನಸುಕಿನಲ್ಲಿಯೇ ಹೊರಟು, ಚಾಮರಾಜನಗರ, ಗುಂಡ್ಲುಪೇಟೆಗಳನ್ನು ಕತ್ತಲಲ್ಲಿ ದಾಟಿದೆವು. ಮುದುಮಲೆ, ಗೂಡಲೂರು ಕಳೆದು ನಡುವಟ್ಟದ ತಿರುವುಗಳಲ್ಲಿ ಮೂವರು ಮಕ್ಕಳು ವಾಂತಿ ಮಾಡಿಕೊಂಡರು. ಅದು ಪ್ರತಿ ಪ್ರವಾಸದಲ್ಲಿಯೂ ಇದ್ದದ್ದೆ.

ಆ ಕೆರೆಯ ಕಥೆಯನ್ನು ಬಸ್ಸಿನಲ್ಲಿಯೇ ಮಕ್ಕಳಿಗೆ ಹೇಳಿದ್ದೆವು. ಅದು ದೇವರು ಮಾಡಿದ ಸರೋವರವಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1823ರಿಂದ 1825ರ ಸುಮಾರಿನಲ್ಲಿ ಬೆಟ್ಟದ ತೊರೆಗಳಿಗೆ ಏರಿ ಕಟ್ಟಿಸಿ ಮಾಡಿದ ಕೆರೆ. ಏರಿಯೂ ಒಡೆದು ನೀರು ಹರಿದುಹೋದದ್ದುಂಟು, ಮತ್ತೆ ಕಟ್ಟಿದರು. ಈರೋಡು ಜಿಲ್ಲೆ ಬೇರೆಯಾದದ್ದು 1979ರಲ್ಲಿ. ಅದಕ್ಕೆ ಮೊದಲು ನಮ್ಮ ತಾಳವಾಡಿ ಸೀಮೆಯೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. 1956ರಲ್ಲಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗಲೂ ನಾವು ಇತ್ತಲೇ ಉಳಿದೆವು. ಮೊದಲು ಆ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದಾಗಿತ್ತು. ಈಗ ಬಸ್ ನಿಲ್ದಾಣವಿರುವ ನೆಲದಲ್ಲಿಯೂ ಹಿಂದೆ ಕುದುರೆ ಪಂದ್ಯದ ಮೈದಾನವಿದ್ದ ನೆಲದಲ್ಲಿಯೂ ಒಂದು ಕಾಲಕ್ಕೆ ನೀರಿತ್ತು. ಉಳಿದಿರುವುದು ಸುಮಾರು 65 ಎಕರೆ. 1973ರಲ್ಲಿ ತಮಿಳುನಾಡಿನ ಪ್ರವಾಸೋದ್ಯಮ ಇಲಾಖೆ ಅದನ್ನು ವಹಿಸಿಕೊಂಡು ದೋಣಿವಿಹಾರವನ್ನು ನಡೆಸತೊಡಗಿತು.

ಕೆರೆ ಕಣ್ಣಿಗೆ ಬಿದ್ದೊಡನೆ ಮಕ್ಕಳು ಕೂಗಿ ಕುಣಿಯುವರೆಂದು ನಾವು ಎಣಿಸಿದ್ದೆವು. ಅವರು ಸುಮ್ಮನೆ ನಿಂತರು. ನೀಲಗಿರಿ ಮರಗಳ ನೆರಳು ಬಿದ್ದ ಅಷ್ಟು ಅಗಲದ ನೀರನ್ನು ಅವರಲ್ಲಿ ಹಲವರು ಅದಕ್ಕೆ ಮುಂಚೆ ಕಂಡಿರಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಏಳನೆಯ ತರಗತಿಯ ಬಾಲಕ, “ಸಾರ್, ಇದು ಯಾರ ಹೊಲಕ್ಕೆ ಹರಿಯುವ ನೀರು?” ಎಂದು ಕೇಳಿದನು. ಯಾವ ಹೊಲಕ್ಕೂ ಅಲ್ಲ, ಜನ ವಿಹಾರ ಮಾಡಲು ಎಂದೆವು. ಅವನು ನಂಬಲಿಲ್ಲ. ಅವನ ತಂದೆಯ ಜಮೀನಿನಲ್ಲಿ ನೂರಾರು ಅಡಿ ಕೊರೆಸಿದ ಕೊಳವೆಬಾವಿ ಆ ವರ್ಷ ಬತ್ತಿ, ಅರಿಸಿನ ಒಣಗಿದ್ದುದು ನಮಗೆ ಗೊತ್ತಿತ್ತು.

ಅಪರಿಚಿತರ ಜೊತೆಗೆ ಮಕ್ಕಳನ್ನು ಬೆರೆಸದೆ ನಮಗಾಗಿಯೇ ಇಡೀ ದೋಣಿಗಳನ್ನು ಗೊತ್ತುಮಾಡುವುದೆಂದು ಮೊದಲೇ ನಿಶ್ಚಯಿಸಿದ್ದೆವು. ಹಾಗೆ ಮಾಡಿದರೆ ತಲೆಯ ಲೆಕ್ಕ ನಮ್ಮ ಕೈಯಲ್ಲಿರುತ್ತದೆ; ನಿಧಾನವಾಗಿ ನಡೆಸೆಂದು ದೋಣಿಯವರಿಗೆ ಹೇಳಬಹುದು; ಮಕ್ಕಳು ಮನಸ್ಸಿಗೆ ಬಂದದ್ದನ್ನು ಕೇಳಬಹುದು. ದೋಣಿಗೆ ಹತ್ತು ಮಂದಿ ಎಂದು ಅಲ್ಲಿಯ ನಿಯಮ. ದೋಣಿಗೊಬ್ಬ ಉಪಾಧ್ಯಾಯರೆಂದರೆ ಮಕ್ಕಳು ಒಂಬತ್ತು. ಮೂವತ್ತಾರು ಮಕ್ಕಳಿಗೆ ನಾಲ್ಕು ದೋಣಿ. ನಮ್ಮ ಕೈಯಲ್ಲಿ ದೋಣಿಗೆಂದು ತೆಗೆದಿಟ್ಟಿದ್ದ ಹಣ ಮೂರಕ್ಕೆ ಮಾತ್ರ ಸಾಲುತ್ತಿತ್ತು.

ಇಲ್ಲಿಯೇ ನಾವು ತಪ್ಪುದಾರಿ ಹಿಡಿದೆವು. ದೋಣಿ ನಡೆಸುವ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು, “ಅಣ್ಣಾ, ಇವರು ಬಡವರ ಮಕ್ಕಳು, ಮೈಯಲ್ಲಿ ಮಾಂಸವಿಲ್ಲ. ಇಬ್ಬರು ಸೇರಿದರೆ ಒಬ್ಬ ದೊಡ್ಡವನ ತೂಕ. ಒಂದೊಂದರಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಮೂರರಲ್ಲಿ ಮುಗಿಸಿಬಿಡಿ” ಎಂದು ಕೇಳಿದೆವು. ಒಮ್ಮೆಯಲ್ಲ, ಎರಡು ಮೂರು ಸಲ ಒತ್ತಾಯ ಮಾಡಿದೆವು. ಗಣಿತವನ್ನು ಬೋಧಿಸುವ ನಾವು ಗಣಿತವನ್ನೇ ನಮ್ಮ ತಪ್ಪಿಗೆ ಸಾಕ್ಷಿಯಾಗಿ ತಂದು ನಿಲ್ಲಿಸಿದೆವು!

ಅವರು ಬಡಗ ಸಮುದಾಯದವರು. ನಮ್ಮ ಮಕ್ಕಳ ಕನ್ನಡವನ್ನು ಕೇಳಿ ತಮಿಳನ್ನು ಬಿಟ್ಟು ತಮ್ಮ ಮಾತಿನಲ್ಲಿಯೇ ಉತ್ತರ ಕೊಡುತ್ತಿದ್ದರು. ಬಡಗ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಪಂಡಿತರು ಚರ್ಚಿಸಲಿ. ನಮಗೆ ಆ ದಿನ ಮುಕ್ಕಾಲು ಪಾಲು ತಿಳಿಯಿತು. ಅವರು ಹೇಳಿದುದು ಇಷ್ಟು: ತೂಕದ ಮಾತು ಬಿಡಿ. ದೋಣಿಯಲ್ಲಿರುವ ಅಂಗಿ ಹತ್ತು. ಹನ್ನೊಂದನೆಯ ಮಗು ಯಾವುದೆಂದು ನೀವೇ ಬೆರಳಿಟ್ಟು ತೋರಿಸಿ.

ನಾವು ತೋರಿಸಲಾರದೆ ಹೋದೆವು. ಪಕ್ಕದಲ್ಲಿ ನಿಂತಿದ್ದ ಆ ಏಳನೆಯ ತರಗತಿಯವನು ಇದೆಲ್ಲವನ್ನೂ ಕೇಳಿಸಿಕೊಂಡಿದ್ದನು.

ಕೊನೆಗೆ ಸಂಜೆಯ ಉಪಾಹಾರಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಮುಟ್ಟಿ ನಾಲ್ಕನೆಯ ದೋಣಿಯನ್ನು ಗೊತ್ತುಮಾಡಿದೆವು. ಆ ವರ್ಷ ಸಂಜೆಯ ತಿಂಡಿ ಏಕೆ ಕೊಡಲಿಲ್ಲವೆಂದು ಇದೇ ಸಭೆಯಲ್ಲಿ ಪೋಷಕರೊಬ್ಬರು ಕೇಳಿದ್ದರು. ಹಣ ಸಾಲಲಿಲ್ಲವೆಂದಷ್ಟೆ ಉತ್ತರ ಕೊಟ್ಟಿದ್ದೆವು. ಗೂಡಲೂರಿನಲ್ಲಿ ಮಕ್ಕಳಿಗೆ ಸಿಕ್ಕಿದುದು ಒಂದು ಬನ್ನು, ಅರ್ಧ ಲೋಟ ಚಹ. ಪೂರ್ತಿ ಉತ್ತರವನ್ನು ಇಂದು ಕೊಟ್ಟಂತಾಯಿತು.

ದೋಣಿ ಹತ್ತುವ ಮೊದಲು ಆ ಹಿರಿಯರು ಒಂದೊಂದು ಮಗುವಿಗೂ ಅಂಗಿ ತೊಡಿಸಿದ ರೀತಿಯನ್ನು ನಾವು ಗಮನವಿಟ್ಟು ನೋಡಿದೆವು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ, ಎರಡು ಕೈಗಳನ್ನೂ ಮೇಲಕ್ಕೆತ್ತೆಂದು ಹೇಳಿ, ಅಂಗಿಯ ಹೆಗಲನ್ನು ಹಿಡಿದು ಮೇಲಕ್ಕೆಳೆಯುತ್ತಿದ್ದರು. ಅಂಗಿ ಕಿವಿಯವರೆಗೆ ಏರಿಬಂದರೆ ಅದು ಆ ಮಗುವಿನದಲ್ಲ. ನೀರಿಗೆ ಬಿದ್ದಾಗ ಅಂಗಿ ತೇಲುತ್ತದೆ, ಮಗು ಅದರೊಳಗಿನಿಂದ ಜಾರಿಹೋಗುತ್ತದೆ. ಐದನೆಯ ತರಗತಿಯ ಸಣ್ಣ ಹುಡುಗಿಯೊಬ್ಬಳಿಗೆ ಮೂರು ಅಂಗಿಗಳನ್ನು ಬದಲಾಯಿಸಿದರು. ಹಿಂದೆ ಸಾಲಿನಲ್ಲಿದ್ದ ಜನ ಗೊಣಗಿದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನೀರಿನ ಮೇಲೆ ಇದ್ದುದು ಅರ್ಧ ಗಂಟೆಗಿಂತ ಕಡಿಮೆ. ಅಷ್ಟು ಹೊತ್ತಿನಲ್ಲಿ ನಾವು ಕಂಡುದನ್ನು ಮಾತ್ರ ಮರೆಯಲಾರೆವು. ಕಾಡಂಚಿನ ಹಾಡಿಯಿಂದ ಬರುವ, ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದ ಸೋಲಿಗರ ಹುಡುಗನೊಬ್ಬನು, ಯಂತ್ರವನ್ನು ನಿಲ್ಲಿಸಿದಾಗ ದೋಣಿ ತಾನಾಗಿ ಯಾವ ಕಡೆಗೆ ತೇಲುತ್ತದೆಂಬುದನ್ನು ನೋಡಿ, ಗಾಳಿ ಬರುವ ದಿಕ್ಕನ್ನು ಸರಿಯಾಗಿ ಹೇಳಿದನು. ಆನೆಯ ಹತ್ತಿರ ಹೋಗುವಾಗ ಅವನ ಅಜ್ಜ ಹೀಗೆಯೇ ಗಾಳಿಯನ್ನು ನೋಡುತ್ತಾರಂತೆ. ಕೆರೆಯ ಒಂದು ಮೂಲೆಯಲ್ಲಿ ದುರ್ಗಂಧ ಬಂದು ಮಕ್ಕಳು ಮೂಗು ಮುಚ್ಚಿಕೊಂಡರು. ಊರಿನ ಕೊಳಚೆ ಕಾಲುವೆಯ ಮೂಲಕ ಕೆರೆಗೆ ಸೇರುವುದು ಅಲ್ಲಿಯ ಬಹುಕಾಲದ ತೊಂದರೆ. ಅದನ್ನೂ ಮಕ್ಕಳಿಗೆ ಮರೆಮಾಚಲಿಲ್ಲ.

ಶಾಲೆಗೆ ಹಿಂತಿರುಗಿದ ಮೇಲೆ ನೀರಿನ ತೊಟ್ಟಿಯಲ್ಲಿ ತೆಂಗಿನ ಕರಟಗಳನ್ನು ತೇಲಿಬಿಟ್ಟು ವಿಜ್ಞಾನದ ಪಾಠ ಮಾಡಿದೆವು. ಕರಟದ ತಳದಲ್ಲಿ ಕಲ್ಲಿಟ್ಟರೆ ಅದು ನೆಟ್ಟಗೆ ನಿಲ್ಲುತ್ತದೆ. ಅದೇ ಕಲ್ಲುಗಳನ್ನು ಅಡ್ಡಕಡ್ಡಿಯ ಮೇಲೆ ಎತ್ತರದಲ್ಲಿಟ್ಟರೆ ಬೆರಳು ತಗುಲಿದರೆ ಸಾಕು, ಬುಡಮೇಲು. ಒಂದು ಬದಿಗೆ ಸರಿಸಿದರೂ ಹಾಗೆಯೇ. ದೋಣಿಯಲ್ಲಿ ಏಕೆ ಎದ್ದು ನಿಲ್ಲಬಾರದು, ಆನೆ ಕಂಡರೂ ಏಕೆ ಎಲ್ಲರೂ ಒಂದೇ ಕಡೆಗೆ ಓಡಬಾರದು ಎಂಬುದನ್ನು ಗುರುತ್ವ ಕೇಂದ್ರವೆಂಬ ಪದವನ್ನು ಹೇಳುವ ಮೊದಲೇ ಮಕ್ಕಳು ತಿಳಿದುಕೊಂಡರು.

ಅನಂತರ ಭೂಪಟವನ್ನು ಬಿಡಿಸಿದೆವು. ಆ ಕೆರೆಯಿಂದ ಹೊರಬಿದ್ದ ನೀರು ಸ್ಯಾಂಡಿನಲ್ಲದ ಕಣಿವೆಯ ಕಾಮರಾಜ ಸಾಗರವನ್ನು ಸೇರುತ್ತದೆ. ಅಲ್ಲಿಂದ ಘಟ್ಟವನ್ನಿಳಿದು ಕಟ್ಟಕಡೆಗೆ ಮೋಯಾರಿಗೆ ಬರುತ್ತದೆ. ಮೋಯಾರು ನಮ್ಮ ಬೆಟ್ಟಗಳಿಗೂ ನೀಲಗಿರಿಗೂ ನಡುವಣ ಆಳವಾದ ಕಣಿವೆಯಲ್ಲಿ ಹರಿದು, 1955ರಲ್ಲಿ ಕಟ್ಟಿ ಮುಗಿಸಿದ ಭವಾನಿಸಾಗರವನ್ನು ಸೇರುತ್ತದೆ. ಆ ಜಲಾಶಯದ ನೀರಿನಡಿಯಲ್ಲಿ ಹೊಯ್ಸಳರ ಕಾಲದ ದಂಡನಾಯಕರ ಕೋಟೆಯಿದೆ. ನೀರು ಇಳಿದ ವರ್ಷಗಳಲ್ಲಿ ಅಲ್ಲಿಯ ಗುಡಿ ಮೇಲೆ ಕಾಣುತ್ತದೆ. ಆ ಬಾಲಕನು ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ, “ನಾವು ಕೂತಿದ್ದ ನೀರು ನಮ್ಮ ಬೆಟ್ಟದ ಕೆಳಗೇ ಹೋಗುತ್ತದೆಯಲ್ಲ ಸಾರ್!” ಎಂದನು. ಯಾರ ಹೊಲಕ್ಕೆ ಎಂಬ ಅವನ ಪ್ರಶ್ನೆಗೆ ಕೆರೆಯ ದಂಡೆಯಲ್ಲಿ ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಭವಾನಿಸಾಗರದ ಕಾಲುವೆಗಳು ಕೆಳಗಿನ ಬಯಲಿನ ಹೊಲಗಳಿಗೇ ಹೋಗುತ್ತವೆ.

ಅದೇ ಮೋಯಾರಿನ ದಂಡೆಯ ತೆಂಗುಮರಹಾಡದ ಜನ ಆಸ್ಪತ್ರೆಗೆ, ಸಂತೆಗೆ, ಪೇಟೆಗೆ ಹರಿಗೋಲಿನಲ್ಲಿ ಹೊಳೆಯನ್ನು ದಾಟುತ್ತ ಬಂದವರು. ಅವರಿಗೆ ದೋಣಿ ವಿಹಾರವಲ್ಲ. ನಮ್ಮ ಮಕ್ಕಳೂ ಮುಂದೆ ಯಾವ ಊರಿಗೆ ದುಡಿಯಲು ಹೋಗುವರೋ, ಯಾವ ಹೊಳೆಯನ್ನು ದಾಟುವರೋ ಹೇಳಬಲ್ಲವರಾರು? ಇಲ್ಲಿಯೇ ಹೊಲಗಳಲ್ಲಿ ತೋಡಿರುವ ಹೊಂಡಗಳಿವೆ. ಅವಕ್ಕೆ ಕಾವಲೂ ಇಲ್ಲ, ಅಂಗಿ ತೊಡಿಸುವವರೂ ಇಲ್ಲ. ಮಗುವನ್ನು ನೀರಿನಿಂದ ದೂರವಿಟ್ಟೆವೆಂದು ನಾವು ತಿಳಿದುಕೊಂಡಿರುತ್ತೇವೆ. ರಜೆಯ ಮಧ್ಯಾಹ್ನ ಅದು ಹೊಂಡದ ದಡದಲ್ಲಿರುತ್ತದೆ.

ಆದುದರಿಂದ ಪ್ರವಾಸದಲ್ಲಿ ದೋಣಿ ಇರಲಿ ಎಂಬುದು ನಮ್ಮ ಮತ. ಆದರೆ ಹಣವನ್ನು ನೋಡಿ ದೋಣಿಯನ್ನು ಲೆಕ್ಕ ಹಾಕುವುದು ಇನ್ನು ಸಾಕು. ತಲೆಗಳನ್ನು ಎಣಿಸಿ, ದೋಣಿಗಳನ್ನು ಎಣಿಸಿ, ಆಮೇಲೆ ಹಣವನ್ನು ಕೂಡಿಸೋಣ. ಕೂಡದಿದ್ದರೆ ಆ ವರ್ಷ ದಡದಲ್ಲಿ ಕುಳಿತು ಬುತ್ತಿ ಉಂಡು ಬರೋಣ. ಅಂಗಿ ಮೈಗೆ ಸರಿಯಾಗದ ಮಗು ದೋಣಿ ಹತ್ತಬಾರದು, ಅತ್ತರೂ ಹತ್ತಬಾರದು. ಗಾಳಿ ಮಳೆಯ ದಿನ ಯಾರೂ ಹತ್ತಬಾರದು. ಹೆಚ್ಚು ಮಂದಿಯನ್ನು ಕೂರಿಸಿಕೊಳ್ಳಿರೆಂದು ದೋಣಿಯವರನ್ನು ಕೇಳುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇಲ್ಲವೆಂದು ಸಂಘದ ನಡವಳಿ ಪುಸ್ತಕದಲ್ಲಿ ಬರೆಯಬೇಕೆಂದು ನಾವೇ ಕೇಳಿಕೊಳ್ಳುತ್ತೇವೆ. ಎಲ್ಲ ದಡದಲ್ಲಿಯೂ ಅಂಥ ಹಿರಿಯರು ಸಿಗುವುದಿಲ್ಲ.

ಈ ವರ್ಷ ಪ್ರವಾಸಕ್ಕೆ ಹೆಸರು ಕೊಟ್ಟಿರುವ ಮಕ್ಕಳು 45. ಸಭೆ ಒಪ್ಪಿದರೆ ದೋಣಿ ಐದು ಬೇಕು. 2024ನೆಯ ಮೇ ತಿಂಗಳಿಂದ ನೀಲಗಿರಿಗೆ ಹೊರಗಿನ ವಾಹನಗಳು ಮೊದಲೇ ಅನುಮತಿ ಚೀಟಿ ಪಡೆಯಬೇಕಾಗಿರುವುದರಿಂದ ದಿನವನ್ನು ಬೇಗ ಗೊತ್ತುಮಾಡುವುದು ಒಳ್ಳೆಯದು. ನಾಲ್ಕು ದೋಣಿಗಳಲ್ಲಿ ಉಪಾಧ್ಯಾಯರು ಕೂರುತ್ತೇವೆ. ಐದನೆಯದರಲ್ಲಿ ಕೂರಲು ಪೋಷಕರೊಬ್ಬರು ಬೇಕು, ಈಜು ಬಲ್ಲವರಾಗಿರಬೇಕು. ಸಭೆ ಮುಗಿದ ಮೇಲೆ ದಯಮಾಡಿ ನಮ್ಮಲ್ಲಿ ಹೆಸರು ಬರೆಸಿರಿ.