ಹೂತದ್ದರ ವಹಿ ತೆರೆದಿರಲಿ
(ಬನಹಟ್ಟಿಯಲ್ಲಿ ಮಾಡಿದ ಭಾಷಣ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿಗಳಿಂದ ಬಂದಿರುವ ನಿಮ್ಮ ಮುಂದೆ ನಾವು ಇಂದು ಅಣುಕಸದ ಮಾತು ಎತ್ತುತ್ತಿದ್ದೇವೆ. ಅದರ ಉಸಾಬರಿ ನಮಗೇಕೆ ಎನ್ನಬೇಡಿರಿ. ಕೈಗಾದ ಅಣುವಿದ್ಯುತ್ತು ೨೦೦೦ದಿಂದ ನಮ್ಮ ರಾಜ್ಯದ ತಂತಿಗಳಲ್ಲಿ ಹರಿಯುತ್ತಿದೆ. ಬೆಳಕಿನಲ್ಲಿ ಪಾಲು ಪಡೆದವರು ಕಸದ ಲೆಕ್ಕವನ್ನೂ ಕೇಳಬೇಕು.

ಬಣ್ಣದ ನೀರು ನೆಲಕ್ಕೆ ಚೆಲ್ಲಿದರೆ ಏನಾಗುತ್ತದೆಂದು ನೂಲಿಗೆ ಬಣ್ಣ ಹಾಕುವವರು ಬಲ್ಲರು. ಕೆಲವು ಬಣ್ಣ ಎರೆಮಣ್ಣಿಗೆ ಅಂಟಿ ಅಲ್ಲೇ ನಿಲ್ಲುತ್ತದೆ. ಕೆಲವು ನೀರಿನೊಡನೆ ಬಾವಿಯ ಕಡೆ ಸಾಗುತ್ತದೆ. ಹೂತ ಅಣುಕಸದ ಬಗ್ಗೆ ವಿಜ್ಞಾನಿಗಳು ಹಾಕುವ ಲೆಕ್ಕವೂ ಇದೇ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ಬೇಗ ಹರಿಯುತ್ತದೆ? ಯಾವ ವಸ್ತು ಎಷ್ಟು ಅಂಟುತ್ತದೆ? ದಾರಿಯಲ್ಲಿ ಎಷ್ಟು ಸವೆಯುತ್ತದೆ? ಸೀಜಿಯಂ-೧೩೭ ಸುಮಾರು ೩೦ ವರ್ಷಕ್ಕೆ ಅರ್ಧವಾಗುತ್ತದೆ. ೩೦೦ ವರ್ಷ ತಡೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಪ್ಲುಟೋನಿಯಂ-೨೩೯ ಅರ್ಧವಾಗಲು ಮಾತ್ರ ೨೪,೦೦೦ ವರ್ಷ ಬೇಕು.

ಈ ಲೆಕ್ಕ ತಪ್ಪಿದ್ದೂ ಉಂಟು. ಪ್ಲುಟೋನಿಯಂ ಬಂಡೆಗೆ ಅಂಟಿ ಹೆಚ್ಚು ಕದಲದೆಂದು ಎಣಿಸಿದ್ದರು. ಅಮೇರಿಕದ ನೆವಾಡಾದಲ್ಲಿ ೧೯೬೮ರಲ್ಲಿ ನೆಲದಡಿ ಸಿಡಿಸಿದ ಬಾಂಬಿನ ಪ್ಲುಟೋನಿಯಂ, ೧.೩ ಕಿಲೋಮೀಟರ್ ದೂರದ ಕೊಳವೆಬಾವಿಯಲ್ಲಿ ಸಿಕ್ಕಿತೆಂದು ೧೯೯೯ರಲ್ಲಿ ವರದಿಯಾಯಿತು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಕಣಗಳ ಬೆನ್ನೇರಿ ಅದು ಸಾಗಿತ್ತು. ಪ್ರಮಾಣ ಅತ್ಯಲ್ಪ, ನಿಜ. ಆದರೆ ಹಳೆಯ ಲೆಕ್ಕ ಆ ಬಾಬನ್ನೇ ಹಿಡಿದಿರಲಿಲ್ಲ.

ನಮ್ಮ ನಾಡಿನ ಕೋಲಾರ ಚಿನ್ನದ ಗಣಿಯಲ್ಲಿಯೂ ೧೯೮೦ರ ದಶಕದಲ್ಲಿ, ಸುಮಾರು ೧,೦೦೦ ಮೀಟರ್ ಆಳದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರ ಪ್ರಯೋಗ ನಡೆಸಿತು. ಅಲ್ಲಿ ಕಸ ಇಡಲಿಲ್ಲ. ವಿದ್ಯುತ್ ಹೀಟರ್ ಇಟ್ಟು ಬಂಡೆ ಕಾವನ್ನು ಹೇಗೆ ತಾಳುತ್ತದೆಂದು ನೋಡಿದರು. ೨೦೦೧ರಲ್ಲಿ ಗಣಿ ಮುಚ್ಚಿತು. ೨೦೧೨ರ ನವೆಂಬರದಲ್ಲಿ ಕೂಡಂಕುಳಂ ಕಸ ಅಲ್ಲಿಗೆ ಬರುತ್ತದೆಂಬ ಸುದ್ದಿ ಹಬ್ಬಿತು. ಕೆಲಸ ಕಳೆದುಕೊಂಡಿದ್ದ ಊರು ಬೀದಿಗಿಳಿಯಿತು. ಅಂಥ ಯೋಜನೆ ಇಲ್ಲವೆಂದು ಸರಕಾರ ಹೇಳಿತು.

ಆಳದಲ್ಲಿ ಕಸ ಹೂಳುವ ಶಾಶ್ವತ ಜಾಗ ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ. ಆದ್ದರಿಂದಲೇ ಕೇಳುವ ಕಾಲ ಇದು. ವಿಜ್ಞಾನದ ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ಲೆಕ್ಕವಿಲ್ಲದೆ ಹೂಳುವುದು ಇನ್ನೂ ಘಾತಕ. ಜಾಗ ಗೊತ್ತುಮಾಡುವ ಮೊದಲು ಆ ಲೆಕ್ಕವನ್ನು, ಅದರೊಳಗಿನ ಊಹೆಗಳ ಸಮೇತ, ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಲಿ. ಸರಕಾರದ ಹಂಗಿಲ್ಲದ ತಜ್ಞರು ಅದನ್ನು ತಾಳೆ ನೋಡಲಿ. ಸುತ್ತಲಿನ ಬಾವಿಗಳ ನೀರಿನ ಪರೀಕ್ಷೆಯ ಫಲ ಊರಿನ ಗೋಡೆಯ ಮೇಲೆ ಬರಲಿ.

ಸಣ್ಣ ಅಂಗಡಿಕಾರನ ಒಂದು ವರ್ಷದ ವಹಿಯನ್ನು ತೆರಿಗೆಯವರು ತೆರೆಸಿ ನೋಡುತ್ತಾರೆ. ೨೪,೦೦೦ ವರ್ಷದ ವಹಿಯನ್ನು ಜನ ತೆರೆಸಿ ನೋಡಬಾರದೇ?